ಕಾರವಾರದ ಹವೆಯಲ್ಲಿ ಗನ್‌ಪ್ಲಾ: ಜೋಡಿಸೋದು ಸುಲಭ, ಮ್ಯಾಟ್ ಕೋಟ್ ಕಷ್ಟ

ಗನ್‌ಪ್ಲಾ ಅಂದರೆ ಗಂಡಮ್ ರೋಬೋಗಳ ಪ್ಲಾಸ್ಟಿಕ್ ಕಿಟ್. ಅದನ್ನು ಜೋಡಿಸುವುದು ದೊಡ್ಡ ಕೆಲಸವೇನಲ್ಲ. ಅಂಟು ಬೇಡ, ಬಣ್ಣವೂ ಬೇಡ. ಆಯಾ ಬಣ್ಣದ ಪ್ಲಾಸ್ಟಿಕ್ಕೇ ಅಚ್ಚಾಗಿ ಬಂದಿರುತ್ತದೆ. ಪಿನ್ನನ್ನು ತೂತಿಗೆ ಒತ್ತಿದರೆ ಟಕ್ ಅಂತ ಕೂರುತ್ತದೆ. ಕಷ್ಟ ಇರುವುದು ಕೊನೆಗೆ, ಹೊಳಪು ತೆಗೆಯುವ ಮ್ಯಾಟ್ ಕೋಟ್ ಹೊಡೆಯುವಾಗ. ಅದರಲ್ಲೂ ಕಾರವಾರದಂಥ ಊರಲ್ಲಿ. ವರ್ಷಕ್ಕೆ 3,000 ಮಿ.ಮೀ. ದಾಟುವ ಮಳೆ, ಮಳೆ ಇಲ್ಲದಾಗ ಕಡಲ ಗಾಳಿ. ಯೂಟ್ಯೂಬಿನಲ್ಲಿ ಹೇಳಿಕೊಡುವವರು ಎಸಿ ರೂಮಿನಲ್ಲಿ ಕೂತು ಹೇಳುತ್ತಾರೆ. ಅವರ ಮಾತು ಇಲ್ಲಿ ಅರ್ಧಕ್ಕರ್ಧ ನಡೆಯುವುದಿಲ್ಲ.

ಗೊತ್ತಿಲ್ಲದವರಿಗೆ ಎರಡು ಮಾತು. 1979ರಲ್ಲಿ ಜಪಾನಿನ ಟಿವಿಯಲ್ಲಿ ಗಂಡಮ್ ಎಂಬ ಕಾರ್ಟೂನ್ ಬಂತು. ಅದರ ರೋಬೋಗಳನ್ನು ಬಂಡಾಯ್ ಕಂಪನಿ 1980ರಿಂದ ಕಿಟ್ ಮಾಡಿ ಮಾರುತ್ತಿದೆ. ನಾನು ಕೈಗೆತ್ತಿಕೊಂಡಿದ್ದು ಆ ಕಥೆಯ ಮೊದಲ ರೋಬೋ, ಆರ್‌ಎಕ್ಸ್-78-2. ಹೈ ಗ್ರೇಡ್ ಸಾಲಿನ 2015ರ ಅಚ್ಚು, 1/144 ಅಳತೆ. ಕಥೆಯಲ್ಲಿ ಅದು 18 ಮೀಟರ್ ಎತ್ತರ, ಹಾಗಾಗಿ ಮೇಜಿನ ಮೇಲೆ ಹನ್ನೆರಡೂವರೆ ಸೆಂಟಿಮೀಟರ್.

ಮಳೆಗಾಲ ಜೋಡಣೆಗೆ ಒಳ್ಳೆಯದು. ಹೊರಗೆ ಹೋಗುವ ಹಾಗಿಲ್ಲ, ಕರೆಂಟ್ ಹೋದರೂ ಕಿಟಕಿ ಪಕ್ಕ ಕೂತರೆ ಬೆಳಕು ಸಾಕು. ಭಾಗಗಳೆಲ್ಲ ರನ್ನರ್ ಅನ್ನುವ ಪ್ಲಾಸ್ಟಿಕ್ ಚೌಕಟ್ಟಿಗೆ ಗೇಟು ಅನ್ನುವ ಸಣ್ಣ ಸಣ್ಣ ಕೊಂಡಿಗಳಿಂದ ಅಂಟಿಕೊಂಡಿರುತ್ತವೆ. ಅಕ್ಕನ ಮಗ ಶಿರಸಿಯಿಂದ ಬಂದಾಗ ಒಂದು ರನ್ನರ್ ಅವನ ಕೈಗೆ ಕೊಟ್ಟೆ. ಕೈಯಲ್ಲೇ ತಿರುಚಿ ಕೀಳಲು ಹೊರಟ. ಹಾಗೆ ಕಿತ್ತರೆ ಭಾಗದ ಮೈಯೇ ಕಿತ್ತುಬರುತ್ತದೆ. ನಿಪ್ಪರ್ ಅನ್ನುವ ಇಕ್ಕಳದಂಥ ಕತ್ತರಿಯಿಂದ ಎರಡು ಸಲ ಕತ್ತರಿಸಬೇಕು. ಮೊದಲು ದೂರದಲ್ಲಿ, ಗೇಟು ಸ್ವಲ್ಪ ಉಳಿಯುವ ಹಾಗೆ. ಆಮೇಲೆ ನಿಪ್ಪರಿನ ಚಪ್ಪಟೆ ಬದಿಯನ್ನು ಭಾಗದ ಕಡೆಗೆ ಇಟ್ಟು ಎರಡನೇ ಸಲ ಕತ್ತರಿಸಬೇಕು, ಆಗಲೂ ಕೂದಲೆಳೆಯಷ್ಟು ಬಿಟ್ಟು. ಉಳಿದ ಆ ಮೊಳಕೆಗೆ ನಬ್ ಅನ್ನುತ್ತಾರೆ.

ನಬ್ ತೆಗೆಯುವುದರಲ್ಲೇ ಕೆಲಸದ ಅಂದ ಇದೆ. 400 ನಂಬರಿನ ಸ್ಯಾಂಡ್‌ಪೇಪರಿನಿಂದ ತಗ್ಗಿಸಿ, ಆಮೇಲೆ 600, 800. ಕೊನೆಗೆ ಮ್ಯಾಟ್ ಕೋಟ್ ಬೀಳುವುದಾದರೆ 800ಕ್ಕೇ ನಿಲ್ಲಿಸಬಹುದು, ಸಣ್ಣ ಗೀರನ್ನು ಕೋಟೇ ಮುಚ್ಚುತ್ತದೆ. ಕೋಟ್ ಹಾಕುವುದಿಲ್ಲ ಅಂದರೆ 1000 ದಾಟಬೇಕು. ಆಮೇಲೆ ಫ್ಯಾನ್ಸಿ ಸ್ಟೋರಿನಲ್ಲಿ ಸಿಗುವ ಉಗುರಿನ ಬಫರ್ ಉಜ್ಜಿದರೆ ಹೊಳಪು ವಾಪಸ್ ಬರುತ್ತದೆ. ಬಿಳಿ ಭಾಗದಲ್ಲಿ ಏನೂ ಕಾಣುವುದಿಲ್ಲ. ಎದೆಯ ನೀಲಿ, ಪಾದದ ಕೆಂಪು ಮಾತ್ರ ಬಿಡುವುದಿಲ್ಲ. ಗಡಿಬಿಡಿಯಲ್ಲಿ ಕತ್ತರಿಸಿದರೆ ಪ್ಲಾಸ್ಟಿಕ್ ಎಳೆದುಕೊಂಡು ಅಲ್ಲೊಂದು ಬಿಳಿ ಚುಕ್ಕೆ ಕೂರುತ್ತದೆ. ಉಗುರಿನಿಂದ ಗಟ್ಟಿಯಾಗಿ ಒತ್ತಿ ತೀಡಿದರೆ ಅದು ಸುಮಾರು ಕಡಿಮೆ ಆಗುತ್ತದೆ.

ಜೋಡಿಸುವಾಗ ಒಂದು ಉಪಾಯ: ಮತ್ತೆ ಬಿಚ್ಚಬೇಕಾದ ಭಾಗಗಳ ಪಿನ್ ತುದಿಯನ್ನು ಓರೆಯಾಗಿ ಕತ್ತರಿಸಿಟ್ಟರೆ ಬಿಚ್ಚುವಾಗ ಮುರಿಯುವುದಿಲ್ಲ. ಬಂದೂಕು ಎರಡು ಹೋಳಾಗಿ ಬರುತ್ತದೆ, ನಡುವೆ ಗೆರೆ ಉಳಿಯುತ್ತದೆ. ಅದಕ್ಕೆ ಮಾತ್ರ ಪ್ಲಾಸ್ಟಿಕ್ ಸಿಮೆಂಟ್, ಅಂದರೆ ಪ್ಲಾಸ್ಟಿಕ್ ಕರಗಿಸಿ ಬೆಸೆಯುವ ಅಂಟು, ಹಚ್ಚಿ ಒತ್ತಿ ಹಿಡಿದೆ. ಕರಗಿದ ಪ್ಲಾಸ್ಟಿಕ್ ಗೆರೆಯುದ್ದಕ್ಕೂ ಉಬ್ಬಿ ಹೊರಬರಬೇಕು. ಪೂರ್ತಿ ಗಟ್ಟಿಯಾದ ಮೇಲೆ ಉಜ್ಜಿದರೆ ಗೆರೆ ಮಾಯ.

ಪ್ಯಾನೆಲ್ ಗೆರೆಗಳಿಗೆ, ಅಂದರೆ ಭಾಗಗಳ ಮೈಮೇಲಿನ ತಗ್ಗು ಗೆರೆಗಳಿಗೆ, ಇಂಕು ತುಂಬುವುದು ನನಗೆ ಎಲ್ಲಕ್ಕಿಂತ ಇಷ್ಟದ ಕೆಲಸ. ಬಿಳಿಗೆ ಬೂದು, ಕೆಂಪು-ಹಳದಿಗೆ ಕಂದು, ನೀಲಿಗೆ ಕಪ್ಪು. ಬಿಳಿಯ ಮೇಲೆ ಕಪ್ಪು ಹಾಕುವವರೂ ಇದ್ದಾರೆ, ನನ್ನ ಕಣ್ಣಿಗೆ ಅದು ಜಾಸ್ತಿ ಆಯಿತು ಅನಿಸುತ್ತದೆ. ನಾನು ಬಳಸಿದ್ದು ಸಪೂರ ತುದಿಯ ಪೆನ್. ತೆಳು ಎನಾಮೆಲ್ ಬಣ್ಣ ಹರಿಸಿದರೆ ಕೆಲಸ ಬೇಗ, ಆದರೆ ಅದರ ಥಿನ್ನರ್ ಬಿಗಿಯಾಗಿ ಕೂತ ಸಂದುಗಳಿಗೆ ಇಳಿದು ಪ್ಲಾಸ್ಟಿಕ್ ಸೀಳಿಸಬಹುದು. ಎಬಿಎಸ್ ಅನ್ನುವ ಬಗೆಯ ಪ್ಲಾಸ್ಟಿಕ್ಕಿಗಂತೂ ಆ ಅಪಾಯ ಜಾಸ್ತಿ.

ಇನ್ನು ಸ್ಪ್ರೇ. ಮ್ಯಾಟ್ ಕೋಟ್ ಬಿದ್ದರೆ ಆಟಿಕೆಯ ಹೊಳಪು ಹೋಗಿ ಲೋಹದ ಗಾಂಭೀರ್ಯ ಬರುತ್ತದೆ. ಆದರೆ ಲ್ಯಾಕರ್ ಸ್ಪ್ರೇಯ ದ್ರಾವಕ ಬೇಗ ಆರುವಾಗ ಭಾಗದ ಮೈ ತಣ್ಣಗಾಗುತ್ತದೆ. ಗಾಳಿಯಲ್ಲಿ ತೇವ ಇದ್ದರೆ ಆ ತಣ್ಣನೆ ಮೈಮೇಲೆ ನೀರಾಗಿ ಕೂತು ಪದರದೊಳಗೆ ಸಿಕ್ಕಿಕೊಳ್ಳುತ್ತದೆ. ಎಲ್ಲ ಬೂದಿ ಬಳಿದ ಹಾಗೆ ಬೆಳ್ಳಗಾಗುತ್ತದೆ. ಜುಲೈಯಲ್ಲಿ ಖಾಲಿ ರನ್ನರಿನ ತುಂಡಿನ ಮೇಲೆ ಬೇಕಂತಲೇ ಹೊಡೆದು ನೋಡಿದೆ. ಕಪ್ಪು ತುಂಡು ಕಣ್ಣೆದುರೇ ಬಿಳಿಚಿತು. ಮಳೆಗಾಲಕ್ಕೆ ಸ್ಪ್ರೇ ಬೇಡವೇ ಬೇಡ. ಅಷ್ಟೂ ತಡೆಯಲಾರದವರು ನೀರಿನ ಮ್ಯಾಟ್ ವಾರ್ನಿಶ್ ತಂದು ಮೆತ್ತನೆ ಬ್ರಷ್‌ನಲ್ಲಿ ತೆಳ್ಳಗೆ ಎಳೆಯಬಹುದು. ಅಷ್ಟು ಸಮ ಬರುವುದಿಲ್ಲ, ಬೂದಿಯಂತೂ ಏಳುವುದಿಲ್ಲ.

ಹಾಗಾದರೆ ಯಾವಾಗ? ಡಿಸೆಂಬರಿನಿಂದ ಫೆಬ್ರವರಿ, ಬೆಳಿಗ್ಗೆ ಹತ್ತು-ಹನ್ನೊಂದರ ನಡುವೆ. ಅದಕ್ಕೆ ಮುಂಚೆ ಇಬ್ಬನಿಯ ತೇವ ಹೋಗಿರುವುದಿಲ್ಲ. ಮಧ್ಯಾಹ್ನವಾಯಿತೋ, ಕಡಲ ಕಡೆಯಿಂದ ಗಾಳಿ ಬೀಸಿ ಮತ್ತೆ ತೇವ ತರುತ್ತದೆ. ತೇವ ತೋರಿಸುವ ಪುಟ್ಟ ಡಿಜಿಟಲ್ ಮೀಟರ್ ಒಂದು ಇಟ್ಟುಕೊಂಡಿದ್ದೇನೆ. ಅದು ಶೇ. 60ಕ್ಕಿಂತ ಕೆಳಗಿದ್ದರೆ ಧೈರ್ಯ, 70 ದಾಟಿದರೆ ಡಬ್ಬಿ ಮುಟ್ಟುವುದಿಲ್ಲ. ಕಾರವಾರದ ಕೋಡಿಬಾಗದ ನನ್ನ ರೂಮಿನಲ್ಲಿ ಅದು ಕೆಳಗಿಳಿಯುವುದೇ ಅಪರೂಪ. ಕೊನೆಗೆ ಡಿಸೆಂಬರ್ ರಜೆಯಲ್ಲಿ ಭಾಗಗಳನ್ನೆಲ್ಲ ಡಬ್ಬಿಗೆ ತುಂಬಿ, ದೇವಿಮನೆ ಘಾಟ್ ಹತ್ತಿ ಶಿರಸಿಯ ಅಕ್ಕನ ಮನೆಗೆ ಹೋದೆ. ಘಟ್ಟದ ಮೇಲೆ ಚಳಿಗಾಲದ ಬಿಸಿಲು ಒಣ ಬಿಸಿಲು. ಅಂಗಳದಲ್ಲಿ ಅಡಿಕೆ ಒಣಗುತ್ತಿತ್ತು. ಅದರ ಆಚೆ ಮೂಲೆಯಲ್ಲಿ ನನಗೆ ಜಾಗ ಸಿಕ್ಕಿತು. "ಅಡಿಕೆಗೆ ಆ ವಾಸನೆ ಹೊಡೀಬಾರ್ದು ನೋಡು" ಅಂತ ಭಾವ ಎಚ್ಚರಿಸಿದರು. ಗಾಳಿ ಯಾವ ಕಡೆ ಅಂತ ನೋಡಿಕೊಂಡೇ ನಿಂತೆ.

ಭಾಗಗಳನ್ನು ಬಿದಿರು ಕಡ್ಡಿಯ ತುದಿಯ ಕ್ಲಿಪ್ಪಿಗೆ ಕಚ್ಚಿಸಿದೆ. ಕಡ್ಡಿ ಚುಚ್ಚಲು ಎಲ್ಲರೂ ಥರ್ಮಾಕೋಲ್ ಅನ್ನುತ್ತಾರೆ. ಕಾರವಾರದಲ್ಲಿ ಮೀನಿನ ಡಬ್ಬಿಯ ಥರ್ಮಾಕೋಲಿಗೆ ಬರಗಾಲವಿಲ್ಲ, ತೊಳೆದರೂ ವಾಸನೆ ಹೋಗದು ಅನ್ನುವುದು ಬೇರೆ ಮಾತು. ಆದರೆ ಲ್ಯಾಕರ್ ಬಿದ್ದಲ್ಲೆಲ್ಲ ಥರ್ಮಾಕೋಲ್ ಕರಗಿ ಗುಳಿ ಬೀಳುತ್ತದೆ. ಅದೂ ಪಾಲಿಸ್ಟೈರೀನ್, ಕಿಟ್ಟಿನ ಹೆಚ್ಚಿನ ಭಾಗಗಳೂ ಪಾಲಿಸ್ಟೈರೀನ್! ಹತ್ತಿರದಿಂದ ತೊಟ್ಟಿಕ್ಕುವಷ್ಟು ಹೊಡೆದರೆ ರೋಬೋದ ಮೈಗೂ ಅದೇ ಗತಿ. ನಾನು ಬಾಳೆದಿಂಡು ತಂದು ಚುಚ್ಚಿದೆ, ಗಟ್ಟಿಯಾಗಿ ನಿಂತವು. ಒಣಗಿಸಲು ಮಾತ್ರ ರಟ್ಟಿನ ಡಬ್ಬಿ, ಯಾಕೆಂದರೆ ದಿಂಡು ತುಂಬ ನೀರು.

ಹೊಡೆಯುವ ಕ್ರಮ ಇಷ್ಟೇ. ಡಬ್ಬಿಯನ್ನು ಚೆನ್ನಾಗಿ ಕುಲುಕಬೇಕು. 20–30 ಸೆಂ.ಮೀ. ದೂರ. ಸ್ಪ್ರೇ ಶುರುವಾಗುವುದೂ ನಿಲ್ಲುವುದೂ ಭಾಗದ ಹೊರಗೆ, ಕೈ ನಡುವೆ ನಿಲ್ಲಬಾರದು. ಮೊದಲ ಸಲ ಬಿತ್ತೋ ಇಲ್ಲವೋ ಅನ್ನುವಷ್ಟು ತೆಳು. ಕಾಲು ಗಂಟೆ ಬಿಟ್ಟು ಮತ್ತೊಂದು. "ಮಾವ, ಏನೂ ಕಾಣ್ತಾ ಇಲ್ವಲ್ಲ" ಅಂತ ಅಳಿಯ ಗೊಣಗಿದ. ಮೊದಲ ಕೋಟಿನಲ್ಲಿ ಕಾಣಬಾರದು, ಅದೇ ಸರಿ. ಬೆಳಕಿನ ಕತ್ತಿಯಂಥ ಪಾರದರ್ಶಕ ಭಾಗಕ್ಕೆ ಮ್ಯಾಟ್ ತಾಗಿಸಬೇಡಿ, ಮಂಜು ಹಿಡಿದ ಗಾಜಾಗುತ್ತದೆ. ಕಣ್ಣಿನ ಸ್ಟಿಕ್ಕರನ್ನೂ ಕೋಟ್ ಆದ ಮೇಲೇ ಅಂಟಿಸಿ, ಹೊಳೆಯುತ್ತಿರಲಿ. ಸ್ವಲ್ಪ ಬಿಳಿಚಿದ್ದರೆ ಒಣ ದಿನ ನೋಡಿ ಅದರ ಮೇಲೇ ಇನ್ನೊಂದು ತೆಳು ಕೋಟ್ ಹೊಡೆಯಿರಿ. ಹಳೆ ಪದರ ಮೆತ್ತಗಾಗಿ ತೇವ ಹೊರಬೀಳುತ್ತದೆ. ಆ ಜುಲೈಯ ತುಂಡು ಶಿರಸಿಯಲ್ಲಿ ಹಾಗೇ ಸರಿಹೋಯಿತು. ಹಾರ್ಡ್‌ವೇರ್ ಅಂಗಡಿಯ ಅಗ್ಗದ ಕ್ಲಿಯರ್ ಸ್ಪ್ರೇಯನ್ನು ಮೊದಲು ರನ್ನರ್ ಮೇಲೆ ನೋಡದೆ ಬಳಸಲೇಬೇಡಿ. ಮಾಸ್ಕ್ ಇರಲಿ, ಬೆಂಕಿ ಹತ್ತಿರ ಬೇಡ.

ಹಳತಾದಂತೆ ಕಾಣಿಸುವ ಕೆಲಸಕ್ಕೆ ನಾನು ಬೈತಖೋಲ ಬಂದರಿನಲ್ಲಿ ಸುಮ್ನೆ ಓಡಾಡಿ ದೋಣಿಗಳನ್ನು ನೋಡಿದೆ. ಬಣ್ಣ ಮೊದಲು ಏಳುವುದು ಹಗ್ಗ ಉಜ್ಜುವ ಅಂಚಿನಲ್ಲಿ, ನಡುವೆ ಅಲ್ಲ. ತುಕ್ಕು ಒಂದು ಬೋಲ್ಟಿನಿಂದ ಶುರುವಾಗಿ ಕೆಳಗೆ ಸಣ್ಣದಾಗುತ್ತ ಇಳಿಯುತ್ತದೆ. ಹಾಗಾಗಿ ಗುರಾಣಿಯ ಅಂಚು, ಪಾದದ ತುದಿ, ಭುಜದ ಮೂಲೆಗಳಿಗೆ ಮಾತ್ರ ಕೈ ಹಾಕಿದೆ. ಹರಿದ ಸ್ಪಂಜಿಗೆ ಗಾಢ ಕಂದು ಬಣ್ಣ ಮುಟ್ಟಿಸಿ, ಬಹಳಷ್ಟನ್ನು ಕಾಗದದ ಮೇಲೆ ಒರೆಸಿ, ಉಳಿದದ್ದನ್ನು ತಟ್ಟಬೇಕು. ಇಲ್ಲಿ ಕೈ ಹಿಡಿತ ಬೇಕು. ಮೈತುಂಬ ತುಕ್ಕು ಬಳಿದ ರೋಬೋ ಗುಜರಿಯಿಂದ ತಂದದ್ದರ ಹಾಗೆ ಕಾಣುತ್ತದೆ, ಅಲ್ವಾ?

ಈಗ ಅದು ಗಾಜಿನ ಬಾಗಿಲಿನ ಕಪಾಟಿನಲ್ಲಿದೆ, ನೇರ ಬಿಸಿಲು ಬೀಳದ ಕಡೆ. ಬಿಸಿಲಿಗೆ ಬಿಳಿ ಪ್ಲಾಸ್ಟಿಕ್ ಹಳದಿಯಾಗುತ್ತದೆ. ಇಲ್ಲಿನ ಉಪ್ಪು ಗಾಳಿ ರೋಬೋಗೆ ಏನೂ ಮಾಡುವುದಿಲ್ಲ, ನಿಪ್ಪರಿಗೆ ಮಾಡುತ್ತದೆ. ಕೆಲಸ ಮುಗಿದ ಕೂಡಲೇ ಒರೆಸಿ, ಹೊಲಿಗೆ ಮಷಿನ್ನಿನ ಎಣ್ಣೆ ಒಂದು ಹನಿ ಬಿಟ್ಟು ಸಿಲಿಕಾ ಜೆಲ್ ಇರುವ ಡಬ್ಬಿಯಲ್ಲಿಡಿ. ಸ್ಪ್ರೇ ಡಬ್ಬಿಯನ್ನು ತಲೆಕೆಳಗಾಗಿ ಹಿಡಿದು ಬರೀ ಗಾಳಿ ಬರುವ ತನಕ ಒತ್ತಿ ಎತ್ತಿಡಿ. ಇಲ್ಲದಿದ್ದರೆ ಮುಂದಿನ ಡಿಸೆಂಬರಿಗೆ ಅದರ ಮೂತಿ ಕಟ್ಟಿರುತ್ತದೆ.