ಗೋಡೆಗೆ ಹಾಕಿ ನೋಡಿ, ಆಮೇಲೆ ಕೊಂಡೆ

ಒಂದೇ ಒಂದು ಪೇಂಟಿಂಗ್ ಕೊಳ್ಳೋಕೆ ನನಗೆ 14 ತಿಂಗಳು ಹಿಡಿಯಿತು. “ಇಷ್ಟ ಆಯ್ತಾ, ದುಡ್ಡು ಕೊಟ್ಟು ತಗೊಂಡು ಬಾ. ಅಷ್ಟೇ ಅಲ್ವಾ?” ಅಂತ ಗೆಳೆಯರೆಲ್ಲ ಹೇಳಿದರು. ಮನೆಗೆ ತಂದು ಎರಡು ವಾರ ನೋಡಿ ಆಮೇಲೆ ಕೊಳ್ಳುತ್ತೇನೆ ಅಂದಾಗ, ಯಾವ ಕಲಾವಿದರೂ ಇದಕ್ಕೆ ಒಪ್ಪಲ್ಲ ಅಂದರು. ಈಗ ಅದೇ ಗೆಳೆಯರು ಮನೆಗೆ ಬಂದರೆ ಮೊದಲು ಆ ಗೋಡೆಯ ಮುಂದೆ ಹೋಗಿ ನಿಲ್ಲುತ್ತಾರೆ.

ಮೊದಲು ಕಳೆದುಕೊಂಡ ದುಡ್ಡಿನ ಕಥೆ ಹೇಳುತ್ತೇನೆ. ನನ್ನ ಮೊದಲ ಚಿತ್ರವನ್ನು ಒಂದು ಪ್ರದರ್ಶನದ ಮೊದಲ ದಿನ ಸಂಜೆ ಕೊಂಡೆ. ಹೆಚ್ಚು ಕಡಿಮೆ ಒಂದು ತಿಂಗಳ ಸಂಬಳ. ಅಲ್ಲಿ ಸ್ಪಾಟ್‌ಲೈಟ್ ಕೆಳಗೆ ಕೆಂಪು ಉರಿಯುತ್ತಿತ್ತು. ಮನೆಯ ಟ್ಯೂಬ್‌ಲೈಟಿಗೆ ಅದೇ ಕೆಂಪು ಒಣಗಿದ ಮಣ್ಣಿನ ಹಾಗೆ ಕಂಡಿತು. ಚಿತ್ರದಲ್ಲಿ ತಪ್ಪಿರಲಿಲ್ಲ. ನನ್ನ ಮನೆಯ ಬೆಳಕಲ್ಲಿ ನೋಡದೆ ಕೊಂಡಿದ್ದು ತಪ್ಪು.

ಎರಡನೆಯದು ಆನ್‌ಲೈನ್. ‘ಒರಿಜಿನಲ್’ ಅಂತ ಬರೆದಿತ್ತು, ಕೈಯಿಂದ ಮುಟ್ಟಿದರೆ ಬ್ರಷ್ಷಿನ ಗೆರೆಗಳೂ ಸಿಗುತ್ತಿದ್ದವು. ಯಾಕೋ ಸಂಶಯ ಬಂದು ಭೂತಗನ್ನಡಿ ಹಿಡಿದೆ. ಬಣ್ಣದ ಜಾಗದಲ್ಲಿ ಸಣ್ಣ ಸಣ್ಣ ಚುಕ್ಕಿ. ನೀಲಿ ಒಂದು ಕಡೆ ಮುಗಿದಿದ್ದರೆ ಬ್ರಷ್ಷಿನ ಗೆರೆ ಇನ್ನೊಂದು ಕಡೆಗೆ ಓಡಿತ್ತು. ಅಂದರೆ ಪ್ರಿಂಟ್ ಮಾಡಿ, ಮೇಲೆ ಬಣ್ಣವಿಲ್ಲದ ಜೆಲ್ ಬಳಿದಿದ್ದರು. ದುಡ್ಡು ಅರ್ಧ ಮಾತ್ರ ವಾಪಸ್ ಬಂತು. ಅವತ್ತಿನಿಂದ ಭೂತಗನ್ನಡಿ ನನ್ನ ಚೀಲದಲ್ಲೇ ಇರುತ್ತದೆ. ಮೂರನೆಯದು ಅಕ್ರಿಲಿಕ್ ಬಣ್ಣದ ಚಿತ್ರ. ನೇರವಾಗಿ ಬಬಲ್ ರ್‍ಯಾಪ್ ಸುತ್ತಿ ಕಳಿಸಿದ್ದರು. ದಾರಿಯ ಸೆಕೆಗೆ ಬಣ್ಣ ಮೆತ್ತಗಾಗಿ, ಮೈತುಂಬ ಗುಳ್ಳೆಗಳ ಅಚ್ಚು ಕೂತಿತ್ತು. ಈಗ ಮಧ್ಯೆ ಗ್ಲಾಸೀನ್ ಅನ್ನೋ ನುಣುಪಾದ, ಬಣ್ಣಕ್ಕೆ ಅಂಟದ ಕಾಗದ ಇಡಿ ಅಂತ ನಾನೇ ಮೊದಲೇ ಹೇಳುತ್ತೇನೆ.

ನ್ಯೂಯಾರ್ಕಿನ ಹರ್ಬರ್ಟ್ ಮತ್ತು ಡೊರೊಥಿ ವೋಗಲ್ ದಂಪತಿಯ ವಿಷಯ ಓದಿದ ಮೇಲೆ ಮತ್ತೆ ಧೈರ್ಯ ಬಂತು. ಗಂಡ ಅಂಚೆ ನೌಕರ, ಹೆಂಡತಿ ಗ್ರಂಥಾಲಯದಲ್ಲಿ. ಹೆಂಡತಿಯ ಸಂಬಳದಲ್ಲಿ ಮನೆ ಖರ್ಚು, ಗಂಡನ ಸಂಬಳದಲ್ಲಿ ಕಲಾಕೃತಿ. ಇನ್ನೂ ಹೆಸರಾಗದ ಕಲಾವಿದರ ಹತ್ತಿರ ಹೋಗಿ ಕೊಳ್ಳುತ್ತಿದ್ದರು. ಸಣ್ಣ ಅಪಾರ್ಟ್‌ಮೆಂಟಿನಲ್ಲೇ ಬದುಕಿ 4,000ಕ್ಕೂ ಜಾಸ್ತಿ ಕೃತಿ ಸೇರಿಸಿದರು. 1992ರಲ್ಲಿ ಆ ಸಂಗ್ರಹವನ್ನು ವಾಷಿಂಗ್ಟನ್ನಿನ ನ್ಯಾಷನಲ್ ಗ್ಯಾಲರಿಗೆ ಒಪ್ಪಿಸಲು ನಿರ್ಧರಿಸಿದರು. ಮುಂದೆ ಬೆಲೆ ಏರುತ್ತದೆ ಅಂತ ಕೊಳ್ಳುವವರ ಮಾತು ಅದಾದ ಮೇಲೆ ನನಗೆ ರುಚಿಸಲಿಲ್ಲ.

ಈ ಸಲ ಚಿತ್ರ ಹುಡುಕಲಿಲ್ಲ, ಕಲಾವಿದರನ್ನು ಹುಡುಕಿದೆ. ಸುಮಾರು 40 ಜನರ ಕೆಲಸ ನೋಡಿ, ಮೂವರನ್ನು ಇಟ್ಟುಕೊಂಡು, ಒಂಬತ್ತು ತಿಂಗಳು ಸುಮ್ನೆ ಗಮನಿಸಿದೆ. ಒಬ್ಬರು ಮಾರಾಟವಾದ ಒಂದೇ ಚಿತ್ರವನ್ನು ಮತ್ತೆ ಮತ್ತೆ ಬರೆಯುತ್ತಿದ್ದರು. ಇನ್ನೊಬ್ಬರು ಬರೆಯೋದನ್ನೇ ನಿಲ್ಲಿಸಿದರು. ಉಳಿದ ಕಲಾವಿದೆಯ ಸ್ಟುಡಿಯೋಗೆ ಹೋದೆ. ಅಲ್ಲಿ ಗೋಡೆಗೆ ತೂಗುಹಾಕಿದ್ದಕ್ಕಿಂತ, ಗೋಡೆ ಕಡೆ ಮುಖ ಮಾಡಿ ಒರಗಿಸಿಟ್ಟ ಕ್ಯಾನ್ವಾಸ್‌ಗಳಲ್ಲೇ ಜಾಸ್ತಿ ಸಿಗುತ್ತದೆ. ಅವನ್ನು ತಿರುಗಿಸಿ ತೋರಿಸುವ ಮನಸ್ಸು ಬರೋ ಹಾಗೆ ಕೇಳುವ ಒಂದು ಪ್ರಶ್ನೆ ನನ್ನ ಹತ್ತಿರ ಇದೆ. ಅದು ನನ್ನಲ್ಲೇ ಇರಲಿ.

ಸಿಕ್ಕಿದ್ದು 24ಕ್ಕೆ 30 ಇಂಚಿನ ಆಯಿಲ್ ಪೇಂಟಿಂಗ್. ಬೂದು ಬಣ್ಣದ ಮೆಟ್ಟಿಲು, ತಿರುವಿನಲ್ಲಿ ಕಿಟಕಿ. ಎಡಗಡೆ ಕೆಳಗೆ ಬೆರಳುಗುರಿನಷ್ಟು ಕಿತ್ತಳೆ. ಅಲ್ಲಿ ಮೊದಲು ಒಂದು ಕುರ್ಚಿ ಇತ್ತಂತೆ. ಸರಿ ಕಾಣದೆ ಚಾಕುವಿನಲ್ಲಿ ಕೆರೆದು ಬೂದು ಹಾಕಿದ್ದಾರೆ, ಅಷ್ಟು ಮಾತ್ರ ಉಳಿದಿದೆ. ಬೆಲೆಯ ಮೂರನೇ ಒಂದು ಭಾಗ ಮುಂಗಡ ಇಟ್ಟು, ಎರಡು ಸಾಲು ಬರೆದು ಸಹಿ ಮಾಡಿ, ಎರಡು ವಾರಕ್ಕೆ ಕೇಳಿದೆ. ಅವರು ಖುಷಿಯಿಂದಲೇ ಕೊಟ್ಟರು. ಮನೆಯಲ್ಲಿ ಬೆಳಗ್ಗೆ ಏಳರ ಹೊತ್ತಿಗೆ ಆ ಕಿತ್ತಳೆ ಎದ್ದು ಬರುತ್ತಿತ್ತು, ರಾತ್ರಿ ದೀಪಕ್ಕೆ ಮುಳುಗಿ ಹೋಗುತ್ತಿತ್ತು. ಹತ್ತನೇ ದಿನವೂ ನಾನು ಅದನ್ನೇ ಹುಡುಕಿಕೊಂಡು ಹೋಗಿ ನೋಡುತ್ತಿದ್ದೆ. ಕೊಳ್ಳೋದು ಅವತ್ತೇ ಗಟ್ಟಿಯಾಯಿತು.

ಬಾಕಿ ದುಡ್ಡು ನಾಲ್ಕು ಕಂತಿನಲ್ಲಿ ಕೊಟ್ಟೆ. ಚೌಕಾಸಿ ಮಾಡಲಿಲ್ಲ. ಹೊಸ ಕಲಾವಿದರು ಜಾಸ್ತಿ ಅಳತೆ ಲೆಕ್ಕದಲ್ಲೇ ಬೆಲೆ ಹಾಕುತ್ತಾರೆ. ಕೈಗೆಟುಕದಿದ್ದರೆ ಅದೇ ಸರಣಿಯಲ್ಲಿ ಚಿಕ್ಕದನ್ನು ಕೇಳಬಹುದು. ಗ್ಯಾಲರಿಯಲ್ಲಿ ನೋಡಿ, ಆಮೇಲೆ ಹಿಂದಿನಿಂದ ಕಲಾವಿದರ ಮನೆಗೆ ಹೋಗಿ ಕಡಿಮೆಗೆ ಕೇಳುವವರಿದ್ದಾರೆ. ಗ್ಯಾಲರಿ ಅರ್ಧದಷ್ಟು ಕಮಿಷನ್ ತಗೊಂಡರೂ ನಾವು ಹಾಗೆ ಮಾಡಬಾರದು. ಕಲಾವಿದರಿಗೆ ಆ ಗ್ಯಾಲರಿಯಲ್ಲಿ ಮತ್ತೆ ಗೋಡೆ ಸಿಗದೇ ಹೋಗಬಹುದು. ಫ್ರೇಮಿನ ದುಡ್ಡನ್ನು ಮೊದಲೇ ಎತ್ತಿಡಿ. ನನಗೆ ಚಿತ್ರದ ಬೆಲೆಯ ಕಾಲು ಭಾಗ ಅದಕ್ಕೇ ಹೋಯಿತು. ರಸೀದಿಯಲ್ಲಿ ಹೆಸರು, ವರ್ಷ, ಅಳತೆ, ಮಾಧ್ಯಮ (ಯಾವ ಬಣ್ಣ, ಯಾವುದರ ಮೇಲೆ) ಬರೆಸಿಕೊಳ್ಳಿ.

ಮಧ್ಯೆ ಇನ್ನೊಂದು ಪ್ರಯೋಗವೂ ನಡೆಯಿತು. ವ್ಯಾನ್ ಗೋ 1888ರಲ್ಲಿ ಬರೆದ ತನ್ನ ಮಲಗುವ ಕೋಣೆಯ ಚಿತ್ರದಲ್ಲಿ ಈಗ ನೀಲಿ ಕಾಣುವ ಗೋಡೆ ಮೊದಲು ನೇರಳೆಯಾಗಿತ್ತು. ಅದರಲ್ಲಿದ್ದ ಕೆಂಪು ಮಾಸಿ ಹೋಗಿದೆ. ನನ್ನ ಚಿತ್ರಕ್ಕೂ ಹಾಗಾದರೆ ಅಂತ ಹೆದರಿ, ಕಲಾವಿದೆಯಿಂದಲೇ ಆರು ಬಣ್ಣ ಬಳಿದ ಪಟ್ಟಿಗಳನ್ನು ತಂದೆ. ಪ್ರತಿ ಪಟ್ಟಿಯ ಅರ್ಧಕ್ಕೆ ಅಲ್ಯೂಮಿನಿಯಂ ಹಾಳೆ ಸುತ್ತಿ ಬಿಸಿಲು ಬೀಳುವ ಕಿಟಕಿಗೆ ಅಂಟಿಸಿದೆ. ನಾಲ್ಕು ತಿಂಗಳಿಗೆ ಅಲಿಜರಿನ್ ಕ್ರಿಮ್ಸನ್ ಅನ್ನೋ ಕಡುಗೆಂಪು ಬಣ್ಣದ ತೆಳು ಬಳಿತ ಕಣ್ಣಿಗೆ ಕಾಣುವಷ್ಟು ಮಾಸಿತ್ತು. ಬೂದು ಹಾಗೇ ಇತ್ತು, ಕಿತ್ತಳೆಯೂ ಹಾಗೇ ಇತ್ತು. ಆದರೂ ಚಿತ್ರವನ್ನು ನೇರ ಬಿಸಿಲು ಬೀಳದ ಗೋಡೆಗೆ, ನಡುಭಾಗ ನೆಲದಿಂದ 57 ಇಂಚು ಬರುವ ಹಾಗೆ ಹಾಕಿದ್ದೇನೆ.

ಬಣ್ಣ ದಪ್ಪಗಿರೋದರಿಂದ ಇನ್ನೂ ವಾರ್ನಿಷ್ ಆಗಿಲ್ಲ. ಒಳಗಿನ ತನಕ ಒಣಗಲಿ, ಮುಂದಿನ ತಿಂಗಳು ನಾನೇ ಬಂದು ಹಚ್ಚುತ್ತೇನೆ ಅಂತ ಕಲಾವಿದೆ ಅಂದಿದ್ದಾರೆ. ಅವರಿಗೆ ತೋರಿಸೋಕೆ ಆ ಆರು ಪಟ್ಟಿಗಳನ್ನು ಜೋಪಾನವಾಗಿ ಎತ್ತಿಟ್ಟಿದ್ದೇನೆ.