ಕಾಫಿ ಕಣದಲ್ಲಿ ಹಿಪ್-ಹಾಪ್, ಸೋಲ್: ಬೇಸನ್ನು ಕಟ್ಟಿಹಾಕಿದ ಬಗೆ

ಕೊಡಗಿನ ಸಿದ್ದಾಪುರದ ಕಡೆಯ ಒಂದು ಕಾಫಿ ತೋಟ. ಜಾಝ್ ಉತ್ಸವದ ಒಂದು ರಾತ್ರಿ ಪೂರ್ತಿ ಹಿಪ್-ಹಾಪ್ ಮತ್ತು ಸೋಲ್ (ಭಾವ ತುಂಬಿ ಹಾಡುವ, ಅಮೆರಿಕದ ಕಪ್ಪು ಜನರ ಸಂಗೀತ). ನವೆಂಬರ್ ಮೊದಲ ವಾರ, ರೊಬಸ್ಟಾ ಕೊಯ್ಲು ಇನ್ನೂ ದೂರ, ಹಾಗಾಗಿ ಕಾಫಿ ಒಣಗಿಸುವ ಕಣ ಖಾಲಿ, ಅಲ್ಲೇ ವೇದಿಕೆ. ಹಿಂದಿನ ರಾತ್ರಿ ಜಾಝ್ ತಂಡಕ್ಕೆ ಹಾಕಿದ ಸೌಂಡನ್ನೇ ಮುಂದುವರಿಸೋಣ ಎಂದರೆ ನಡೆಯುವುದಿಲ್ಲ. ಕಾಲಲ್ಲಿ ಹೊಡೆಯುವ ಕಿಕ್ ಡ್ರಮ್, ಎಂಪಿಸಿ ಎಂಬ ಬೀಟ್ ಯಂತ್ರದಿಂದ ಬರುವ 808 (ಗುಂಯ್ಗುಡುವ ತಗ್ಗು ಡ್ರಮ್ ಸದ್ದು), ಬೇಸ್ ಗಿಟಾರ್, ಕೀಬೋರ್ಡಿನ ಎಡಗೈ ನಾಲ್ಕೂ 40ರಿಂದ 120 ಹರ್ಟ್ಸ್ ನಡುವೆ ಜಾಗಕ್ಕೆ ಕಿತ್ತಾಡುತ್ತವೆ. ಅವುಗಳ ಮೇಲೆ ರ‍್ಯಾಪರ್‌ನ ಮಾತು ಕೇಳಬೇಕು. ಬೇಸ್, ಅಂದರೆ ಈ ತಗ್ಗು ಸದ್ದು, ಹೆಚ್ಚು ಮಾಡುವುದು ಯಾರಿಗೂ ಬರುತ್ತದೆ. ಅದನ್ನು ಬೇಡದ ಕಡೆ ಹೋಗದಂತೆ ತಡೆಯುವುದೇ ಕೆಲಸ.

ಆ ಬೇಡದ ಕಡೆಗಳು ಮೂರು: ವೇದಿಕೆಯ ಮೈಕುಗಳು, ರೆಕಾರ್ಡ್ ತಿರುಗಿಸುವ ಡಿಜೆಯ ಟರ್ನ್‌ಟೇಬಲ್, ಹಿಂದಿನ ಲೈನ್ ಮನೆಗಳು (ತೋಟದ ಕೆಲಸಗಾರರ ಸಾಲುಮನೆ). ಮೂರೂ ಸ್ಪೀಕರ್‌ಗಳ ಬೆನ್ನ ಹಿಂದೆಯೇ ಇದ್ದದ್ದರಿಂದ ಒಂದೇ ಉಪಾಯ ಸಾಕಾಯಿತು. ಬೇಸಿಗೆಂದೇ ಇರುವ ಸ್ಪೀಕರುಗಳಾದ ಸಬ್‌ವೂಫರ್‌ಗಳನ್ನು ಮುಂದೊಂದು ಸಾಲು, ಅದರ 1.7 ಮೀಟರ್ ಹಿಂದೊಂದು ಸಾಲು ಇಟ್ಟು, ಎರಡನ್ನೂ ಜನರ ಕಡೆಗೇ ತಿರುಗಿಸಿದೆವು. ಹಿಂದಿನ ಸಾಲಿಗೆ 5 ಮಿಲಿಸೆಕೆಂಡ್ ಡಿಲೇ (ತಡ) ಕೊಟ್ಟು ಪೊಲಾರಿಟಿ ತಿರುವಿದೆವು, ಅಂದರೆ ಅಲೆಯ ಏರನ್ನು ಇಳಿತ ಮಾಡಿದೆವು. ಲೆಕ್ಕ ಸರಳ: 16 ಡಿಗ್ರಿ ಚಳಿಯಲ್ಲಿ ಶಬ್ದದ ವೇಗ ಸೆಕೆಂಡಿಗೆ ಸುಮಾರು 341 ಮೀಟರ್, 50 ಹರ್ಟ್ಸ್ ಅಲೆಯ ಉದ್ದ 6.8 ಮೀಟರ್, ಅದರ ಕಾಲು ಭಾಗ 1.7, ಅಷ್ಟು ದೂರ ಹೋಗಲು ಶಬ್ದಕ್ಕೆ ಹಿಡಿಯುವ ಹೊತ್ತೇ 5 ಮಿಲಿಸೆಕೆಂಡ್. ಬೆನ್ನ ಕಡೆ ಎರಡೂ ಸಾಲಿನ ಶಬ್ದ ಒಂದೇ ಹೊತ್ತಿಗೆ ಒಂದಕ್ಕೊಂದು ತಲೆಕೆಳಗಾಗಿ ತಲುಪಿ ಒಂದನ್ನೊಂದು ಅಳಿಸುತ್ತವೆ, ಮುಂದೆ ಕೂಡುತ್ತವೆ. ಪೊಲಾರಿಟಿ ತಿರುವಿ ಡಿಲೇ ಮರೆತರೆ ಕೆಲಸ ಕೆಟ್ಟಂತೆಯೇ. ಕಿವಿಯಲ್ಲೇ ಪರೀಕ್ಷೆ ಮಾಡಬಹುದು: 50 ಹರ್ಟ್ಸ್ ಟೋನ್ ಹಾಕಿ ಸಬ್‌ಗಳ ಹಿಂದೆ ಹೋಗಿ ನಿಂತಾಗ ಎದೆಯ ಗುದ್ದು ತಟ್ಟನೆ ಕಮ್ಮಿಯಾಗಬೇಕು. ಇನ್ನು ಸಬ್‌ಗೆ ಹೋಗುವುದು ಕಿಕ್, ಬೇಸ್, ಎಂಪಿಸಿ, ಕೀಬೋರ್ಡ್, ಡಿಜೆ ಮಾತ್ರ, ಅದೂ ಮಿಕ್ಸರಿನ ಬೇರೊಂದು ಹೊರದಾರಿಯಾದ ಆಕ್ಸ್‌ನಲ್ಲಿ. ಗಾಯಕರ ಮೈಕ್ ಅಲ್ಲಿಗೆ ಹೋಗಲೇಬಾರದು.

ಟರ್ನ್‌ಟೇಬಲ್ ಎಂದರೆ ಒಂದು ಮೈಕ್ ಎಂದೇ ತಿಳಿಯಬೇಕು. ಹಲಗೆ ವೇದಿಕೆ ಬೇಸಿಗೆ ನಡುಗುತ್ತದೆ, ಆ ನಡುಕವನ್ನು ಮುಳ್ಳು ಹೀರುತ್ತದೆ, ಅದೇ ಮತ್ತೆ ಸ್ಪೀಕರಿಗೆ ಹೋಗಿ ಊಳಿಡುತ್ತದೆ. ಅದಕ್ಕೆ ಡಿಜೆಯ ಮೇಜಿನ ಕಾಲುಗಳು ಹಲಗೆಗೆ ತಾಗದಂತೆ ನಾಲ್ಕು ಕಡೆ ತೂತು ಬಿಟ್ಟು, ಕೆಳಗೆ ಕಣದ ಸಿಮೆಂಟಿನ ಮೇಲೆ ಸೈಜುಗಲ್ಲು ಜೋಡಿಸಿ ಅದರ ಮೇಲೆ ನಿಲ್ಲಿಸಿದೆವು. ಡಿಜೆ ಚಾನಲ್‌ಗೆ 40 ಹರ್ಟ್ಸ್ ಹೈ-ಪಾಸ್, ಅಂದರೆ ಅದಕ್ಕಿಂತ ಕೆಳಗಿನ ಸದ್ದಿಗೆ ತಡೆ. ನಿಂತ ರೆಕಾರ್ಡ್ ಮೇಲೆ ಮುಳ್ಳು ಇಟ್ಟು, ಫೇಡರನ್ನು ಕಾರ್ಯಕ್ರಮದ ಮಟ್ಟಕ್ಕೆ ಏರಿಸಿ, ಡ್ರಮ್ಮರ್‌ಗೆ ಕಿಕ್ ಹೊಡೆಯಲು ಹೇಳಿ. ಊಳಿಡದಿದ್ದರೆ ಸರಿ. ಹಮ್ (ಕರೆಂಟಿನ ಗುಂಯ್ ಸದ್ದು) ಬಂದರೆ ಮೊದಲು ನೋಡಬೇಕಾದ್ದು ಟರ್ನ್‌ಟೇಬಲ್‌ನ ಸಣ್ಣ ಗ್ರೌಂಡ್ ವೈರ್, ಅದು ಮಿಕ್ಸರಿನ ಸ್ಕ್ರೂಗೆ ಬಿಗಿಯಾಗಿದೆಯೇ ಎಂದು. ಪ್ಲಗ್ಗಿನ ಅರ್ತ್ ಪಿನ್ ಕತ್ತರಿಸುವ ಮಹಾಶಯರಿಗೆ ವೇದಿಕೆ ಹತ್ತಲು ಬಿಡಬೇಡಿ.

ಒಟ್ಟು 24 ಚಾನಲ್: ಡ್ರಮ್ಸಿಗೆ 8, ಬೇಸ್ 1, ಕೀಬೋರ್ಡ್ 2, ಗಿಟಾರ್ 1, ಎಂಪಿಸಿ 2, ಡಿಜೆ 2, ಟ್ರಂಪೆಟ್ ಮತ್ತು ಸ್ಯಾಕ್ಸ್ 2, ರ‍್ಯಾಪರ್ 2, ಮುಖ್ಯ ಗಾಯಕಿ 1, ಕೋರಸ್ 2, ಉಳಿದ ಒಂದು ಹೆಚ್ಚುವರಿ ಮೈಕ್. ಸ್ನೇರ್‌ಗೆ ಸಣ್ಣ ಸದ್ದನ್ನು ಮುಚ್ಚಿಬಿಡುವ ಗೇಟ್ ಹಾಕಲಿಲ್ಲ. ದೊಡ್ಡ ಹೊಡೆತಗಳ ನಡುವೆ ಡ್ರಮ್ಮರ್ ಕೋಲನ್ನು ಸುಮ್ಮನೆ ತಾಗಿಸುತ್ತಾ ಹೋಗುವ ಸಣ್ಣ ಸದ್ದುಗಳಲ್ಲೇ ಸೋಲ್‌ನ ನಡೆ ಇರುವುದು. ಗೇಟ್ ಅವನ್ನೇ ಮೊದಲು ನುಂಗುತ್ತದೆ.

ಕನ್ನಡದ ರ‍್ಯಾಪ್‌ಗೆ ಒಂದು ವಿಶೇಷ ತೊಂದರೆಯಿದೆ, ಒತ್ತಕ್ಷರ. ‘ಕತೆ’ಗೂ ‘ಕತ್ತೆ’ಗೂ ಇರುವ ವ್ಯತ್ಯಾಸ ಬಹುಪಾಲು ನಡುವಿನ ಕ್ಷಣಕಾಲದ ಮೌನದ್ದು. ಆ ಮೌನದೊಳಕ್ಕೆ ರಿವರ್ಬ್ (ಕೃತಕ ಮಾರ್ದನಿ) ಬಾಲ ಬಿದ್ದರೆ ಕತ್ತೆ ಹೋಗಿ ಕತೆಯಾಗುತ್ತದೆ. ಆದ್ದರಿಂದ ರ‍್ಯಾಪರ್‌ಗಳಿಗೆ ರಿವರ್ಬ್ ಸೊನ್ನೆ, ಸೋಲ್ ಗಾಯಕಿಗೆ ಮಾತ್ರ. ದನಿಯ ಏರಿಳಿತ ತಗ್ಗಿಸುವ ಕಂಪ್ರೆಸರ್ 4:1, ಅಟ್ಯಾಕ್ (ಒತ್ತಲು ಹಿಡಿಯುವ ಹೊತ್ತು) 10 ಮಿಲಿಸೆಕೆಂಡ್, ರಿಲೀಸ್ (ಬಿಡಲು ಹಿಡಿಯುವ ಹೊತ್ತು) 150. ರಿಲೀಸ್ ತೀರಾ ಚುರುಕಾದರೆ ಅದೇ ಮೌನದಲ್ಲಿ ಡ್ರಮ್ಸಿನ ಸದ್ದು ಮೇಲೆದ್ದು ಬರುತ್ತದೆ. ಹೈ-ಪಾಸ್ 120 ಹರ್ಟ್ಸ್. ಮೈಕಿನ ಜಾಲರಿಯನ್ನು ಮುಷ್ಟಿಯಲ್ಲಿ ಮುಚ್ಚಿ ಹಿಡಿಯುವ ಚಟಕ್ಕೆ ಮಾತ್ರ ಮಿಕ್ಸರಿನಲ್ಲಿ ಮದ್ದಿಲ್ಲ. ಹಾಗೆ ಮುಚ್ಚಿದಾಗ ಮೈಕ್ ಎಲ್ಲ ದಿಕ್ಕಿನಿಂದಲೂ ಶಬ್ದ ಹಿಡಿಯತೊಡಗಿ ಮಾನಿಟರ್ ಕೂಗುತ್ತದೆ, ದನಿ ಡಬ್ಬದೊಳಗಿಂದ ಬಂದಂತಾಗುತ್ತದೆ. 1 ಕಿಲೋಹರ್ಟ್ಸ್ ಸುತ್ತ 4 ಡಿಬಿ ಇಳಿಸಿದರೆ ಸ್ವಲ್ಪ ತಡೆಯುತ್ತದೆ. ಸೌಂಡ್ ಚೆಕ್‌ನಲ್ಲಿ ಎರಡೂ ರೀತಿ ಹಿಡಿಸಿ ಅವರ ಕಿವಿಗೇ ಕೇಳಿಸುವುದು ಹೆಚ್ಚು ಫಲ ಕೊಡುತ್ತದೆ.

ಶ್ರುತಿಯ ವಿಷಯ. ಸಂಜೆ ಆರರ ನಂತರ ಇಲ್ಲಿ ಚಳಿ ಬೇಗ ಏರುತ್ತದೆ. ಗಾಳಿವಾದ್ಯದ ಶ್ರುತಿ ತಗ್ಗುತ್ತದೆ, ಗಿಟಾರ್ ತಂತಿ ಬಿಗಿದು ಏರುತ್ತದೆ, ಎಲೆಕ್ಟ್ರಾನಿಕ್ ಕೀಬೋರ್ಡ್ 440 ಹರ್ಟ್ಸ್‌ನಲ್ಲೇ ಕೂತಿರುತ್ತದೆ. ಮಧ್ಯಾಹ್ನದ ಸೌಂಡ್ ಚೆಕ್‌ನ ಶ್ರುತಿಯನ್ನು ನಂಬಬಾರದು. ಟ್ರಂಪೆಟ್, ಸ್ಯಾಕ್ಸ್‌ನವರು ವೇದಿಕೆಯ ಪಕ್ಕದಲ್ಲಿ ಐದು ನಿಮಿಷ ಊದಿ ಬೆಚ್ಚಗಾಗಿಸಿ, ಆಮೇಲೆ ಕೀಬೋರ್ಡಿಗೆ ಹೊಂದಿಸಿಕೊಳ್ಳಬೇಕು.

ಕರೆಂಟಿಗೆ 62.5 ಕೆವಿಎಯ ಮೂರು ಫೇಸ್ ಜನರೇಟರ್, ಶುರುವಿನಿಂದ ಕೊನೆಯವರೆಗೂ ಅದೇ. ಲೈನ್ ಕರೆಂಟ್ ಬಂದಾಗ ಬದಲಿಸುವ ಆಸೆ ಬೇಡ: ಡಿಜಿಟಲ್ ಮಿಕ್ಸರ್ ಆಫ್ ಆಗಿ ಎದ್ದು ಬರುವಷ್ಟರಲ್ಲಿ ಹಾಡು ಸತ್ತಿರುತ್ತದೆ. ಹಾಗಿದ್ದೂ ಮಿಕ್ಸರಿಗೊಂದು ಯುಪಿಎಸ್. ಸೌಂಡೆಲ್ಲ ಒಂದು ಫೇಸ್‌ನಲ್ಲಿ, ಲೈಟು ಇನ್ನೆರಡರಲ್ಲಿ. ಏನನ್ನೂ ಸಿಕ್ಕಿಸುವ ಮೊದಲು ಪ್ರತಿ ಫೇಸಿಗೂ ನ್ಯೂಟ್ರಲ್‌ಗೂ ನಡುವೆ ಅಳೆದು 230 ವೋಲ್ಟ್ ಆಸುಪಾಸು ನೋಡಿಕೊಳ್ಳಬೇಕು. ನ್ಯೂಟ್ರಲ್ ಸಡಿಲವಾದರೆ ಒಂದು ಕಡೆ ವೋಲ್ಟೇಜ್ 400ರತ್ತ ಹಾರಿ ಆಂಪ್ಲಿಫೈಯರ್ ಸುಡುತ್ತದೆ. ಕಿಕ್ ಬಿದ್ದಾಗಲೆಲ್ಲ ಬಲ್ಬು ಮಿಣುಕಿದರೆ ಜನರೇಟರ್ ಸಾಲುತ್ತಿಲ್ಲ ಎಂದರ್ಥ.

ಹಾಡಿನ ಸರದಿಯನ್ನು ನಿರ್ಧರಿಸಿದ್ದು ಕಾನೂನು ಮತ್ತು ಕಣಿವೆ. 2000ದ ಶಬ್ದ ಮಾಲಿನ್ಯ ನಿಯಮದಂತೆ ವಿಶೇಷ ವಿನಾಯಿತಿ ಇಲ್ಲದಿದ್ದರೆ ಬಯಲಲ್ಲಿ ರಾತ್ರಿ 10ಕ್ಕೆ ಧ್ವನಿವರ್ಧಕ ಬಂದ್. ಜೊತೆಗೆ ರಾತ್ರಿ ಏರಿದಂತೆ ತಂಪು ಗಾಳಿ ಗದ್ದೆ ಬಯಲಿನಲ್ಲಿ ತಂಗಿ, ಅದರ ಮೇಲೆ ಬೆಚ್ಚನೆ ಗಾಳಿ ನಿಲ್ಲುತ್ತದೆ. ಮೇಲಕ್ಕೆ ಹೋಗಬೇಕಾದ ಶಬ್ದ ಬಾಗಿ ಮತ್ತೆ ನೆಲಕ್ಕೆ ಬರುತ್ತದೆ. ಏಳು ಗಂಟೆಗೆ ಗದ್ದೆಯಾಚೆಯ ಮನೆಗೆ ಕೇಳದ ಬೇಸ್ ಒಂಬತ್ತೂವರೆಗೆ ಸ್ಪಷ್ಟವಾಗಿ ಕೇಳುತ್ತದೆ. ಹಾಗಾಗಿ ಬೇಸ್ ಹೆಚ್ಚಿರುವ ಹಿಪ್-ಹಾಪ್ 6.30ಕ್ಕೆ, ಸೋಲ್ ಕೊನೆಗೆ, 9.45ಕ್ಕೆ ಮುಕ್ತಾಯ. ಹೆಡ್‌ಲೈನರ್ (ಮುಖ್ಯ ತಂಡ) ಕೊನೆಗೇ ಬರಬೇಕೆಂಬ ಹಟ ಹಿಡಿದರೆ ಇಲ್ಲಿ ಕೆಲಸ ಸಾಗದು.

ಇಬ್ಬನಿಗೆ ಮಿಕ್ಸರ್ ಮೇಲೆ ಟಾರ್ಪಾಲು ಚಪ್ಪರ. ಒಮ್ಮೆ ಆನ್ ಮಾಡಿದ ಯಂತ್ರಗಳನ್ನು ನಡುವೆ ಆರಿಸಬಾರದು, ತಣ್ಣಗಾದರೆ ಒಳಗೆ ನೀರು ಕೂರುತ್ತದೆ. ಆನೆ ಓಡಾಡುವ ಕಡೆ ರಾತ್ರಿ ಲಾರಿ ತುಂಬುವುದು ಬೇಡ. ಮೈಕು, ಮಿಕ್ಸರ್ ಮಾತ್ರ ಒಳಗಿಟ್ಟು ಕೇಬಲ್ ಅಲ್ಲೇ ಬಿಟ್ಟೆವು. ಬೆಳಿಗ್ಗೆ ಬಿಸಿಲೇರಿದ ಮೇಲೆ ಕಾಫಿ ಹರವಿದಂತೆ ಕಣದ ತುಂಬ ಹರವಿ, ಒಣಬಟ್ಟೆಯಲ್ಲಿ ಒರೆಸಿ, ಕನೆಕ್ಟರಿನ ಬಾಯಿ ಕೆಳಗೆ ಮಾಡಿ ಕುಟ್ಟಿ ಸುತ್ತಿದೆವು. ಹಸಿಯಲ್ಲೇ ಸುತ್ತಿದ ಕೇಬಲ್ಲಿನ ಪಿನ್‌ಗಳಿಗೆ ಹಸಿರು ಕಿಲುಬು ಹಿಡಿದು ಮುಂದಿನ ಕಾರ್ಯಕ್ರಮದಲ್ಲಿ ಚರಚರ ಅನ್ನುತ್ತದೆ.