ಬ್ಯಾಟರಿ ಕೆಳಗಿನ ಎರಡು ಬೋಲ್ಟ್

ಆಲ್ದೂರಿನಿಂದ ಚಿಕ್ಕಮಗಳೂರಿಗೆ ಬರುವಾಗ ಪಕ್ಕದಲ್ಲಿ ಕೂತಿದ್ದ ಚಿಕ್ಕಪ್ಪ ಕೇಳಿದರು, "ಎಂಥ ಸೌಂಡ್ ಮಾರಾಯ ಅದು?"

ನನಗೂ ಎರಡು ವಾರದಿಂದ ಕೇಳುತ್ತಿತ್ತು. ಹಂಪ್ ಇಳಿದರೆ ಒಂದು ‘ಟಕ್’. ಗುಂಡಿ ರಸ್ತೆಯಲ್ಲಿ ‘ಟಕ ಟಕ’. ಒಳ್ಳೆ ರಸ್ತೆ ಸಿಕ್ಕಿದರೆ ಏನೂ ಇಲ್ಲ. ಮಳೆಗಾಲ ಮುಗಿದ ಮೇಲೆ ನಮ್ಮ ಕಡೆ ರಸ್ತೆ ಹೇಗಿರುತ್ತದೆ ಅಂತ ಗೊತ್ತಲ್ವಾ. ಮುಂದಿನ ಚಕ್ರದ ಬುಷ್ ಹೋಗಿರಬೇಕು, ಕಾಫಿ ಕೊಯ್ಲಿಗೆ ಮೊದಲು ಮಾಡಿಸೋಣ ಅಂತ ಬಿಟ್ಟಿದ್ದೆ.

ಭಾನುವಾರ ಬೆಳಿಗ್ಗೆ ಬಾನೆಟ್ ಎತ್ತಿದ್ದು ವೈಪರ್‌ಗೆ ನೀರು ಹಾಕಲು. ಬ್ಯಾಟರಿ ಮೇಲೆ ಕೈ ಊರಿದೆ. ಬ್ಯಾಟರಿ ಅಲುಗಾಡಿತು. ಬರೀ ಬ್ಯಾಟರಿ ಅಲ್ಲ, ಅದರ ಟ್ರೇ, ಟ್ರೇಯನ್ನು ಹೊತ್ತಿರುವ ಕಬ್ಬಿಣದ ಬ್ರಾಕೆಟ್, ಎಲ್ಲ ಸೇರಿ ಹಲ್ಲು ಅಲುಗಾಡಿದ ಹಾಗೆ ಅಲುಗಾಡಿತು. ಜೊತೆಗೆ ಅದೇ ‘ಟಕ್’.

ನಮ್ಮದು ಹಳೆಯ ಮಾರುತಿ. ಇದರಲ್ಲಿ ಆ ಬ್ರಾಕೆಟ್ ಮೂರು ಬೋಲ್ಟ್ ಮೇಲೆ ಕಾರಿನ ಬಾಡಿಗೆ ಕೂತಿರುತ್ತದೆ. ಟಾರ್ಚ್ ಬಿಟ್ಟು ನೋಡಿದರೆ ಎರಡು ತೂತು ಖಾಲಿ. ಉಳಿದ ಒಂದು ಬೋಲ್ಟ್ ಬೆರಳಲ್ಲೇ ತಿರುಗುತ್ತಿತ್ತು. ಸುಮಾರು 10 ಕೆಜಿ ತೂಕದ ಬ್ಯಾಟರಿ ಆ ಒಂದರ ಮೇಲೆ ನಿಂತಿತ್ತು.

ನನ್ನನ್ನು ನಿಜವಾಗಿ ಹೆದರಿಸಿದ್ದು ಮಾತ್ರ ಬೋಲ್ಟ್ ಅಲ್ಲ. ಬ್ರಾಕೆಟ್‌ನ ಅಂಚು ಪಕ್ಕದಲ್ಲಿ ಹಾದುಹೋಗುವ ಬ್ಯಾಟರಿಯ ಪ್ಲಸ್ ವೈರ್ ಮೇಲೆ ಉಜ್ಜಿ ಉಜ್ಜಿ, ವೈರ್ ಮೇಲಿನ ಸುಕ್ಕುಪೈಪ್ ಹರಿದಿತ್ತು. ಅದರೊಳಗಿನ ರಬ್ಬರ್ ಮೇಲೆ ಉಗುರಲ್ಲಿ ಗೀರಿದ ಹಾಗೆ ಗೆರೆ ಬಿದ್ದಿತ್ತು. ತಾಮ್ರ ಇನ್ನೂ ಕಾಣುತ್ತಿರಲಿಲ್ಲ. ಬ್ಯಾಟರಿಯಿಂದ ಸ್ಟಾರ್ಟರ್ ಮೋಟರ್‌ಗೆ ಹೋಗುವ ಈ ದಪ್ಪ ವೈರ್‌ಗೆ ಸಾಮಾನ್ಯವಾಗಿ ಫ್ಯೂಸ್ ಇರುವುದಿಲ್ಲ. ತಾಮ್ರ ಬಾಡಿಗೆ ತಾಗಿದರೆ ಬ್ಯಾಟರಿಯಲ್ಲಿ ಇರುವ ಕರೆಂಟ್ ಎಲ್ಲ ಅಲ್ಲೇ ಸುರಿಯುತ್ತದೆ. ಕಾರಿಗೆ ಬೆಂಕಿ ಬೀಳಲು ಅಷ್ಟು ಸಾಕು. ಬಾನೆಟ್ ಒಳಗಿನ ಸಣ್ಣ ಸಡಿಲವನ್ನು ನಾನು ಈಗ ಸಣ್ಣದು ಅಂತ ನೋಡುವುದಿಲ್ಲ.

ಖಾಲಿ ತೂತುಗಳನ್ನು ಹತ್ತಿರದಿಂದ ನೋಡಿದೆ. ಒಂದು ತೂತಿನಲ್ಲಿ ಧೂಳು, ಎಣ್ಣೆ ಸೇರಿ ಕಲ್ಲಿನ ಹಾಗೆ ಗಟ್ಟಿಯಾಗಿತ್ತು. ಅಲ್ಲಿ ಬೋಲ್ಟ್ ಇಲ್ಲದೆ ತಿಂಗಳುಗಳೇ ಕಳೆದಿವೆ. ಇನ್ನೊಂದರಲ್ಲಿ ಥ್ರೆಡ್, ಅಂದರೆ ಬೋಲ್ಟ್ ಕಚ್ಚಿಕೊಳ್ಳುವ ಸುರುಳಿ ಗೆರೆ, ಹೊಳೆಯುತ್ತಿತ್ತು. ಸುತ್ತ ಬಣ್ಣ ಸವೆದು ಬೆಳ್ಳಿ ಉಂಗುರದ ಹಾಗೆ ತಗಡು ಕಾಣುತ್ತಿತ್ತು. ಇದು ಮೊನ್ನೆ ಮೊನ್ನೆ ಬಿದ್ದಿದ್ದು. ಹೋದ ವರ್ಷ ಒಂದು ಗ್ಯಾರೇಜಿನಲ್ಲಿ ಕ್ಲಚ್ ಕೆಲಸಕ್ಕೆ ಟ್ರೇ ಬಿಚ್ಚಿದ್ದರು. ಆಗ ಒಂದು ಬೋಲ್ಟ್ ಹಾಕುವುದು ಬಿಟ್ಟುಹೋಗಿರಬೇಕು. ಆ ಒಂದು ಇಲ್ಲದ್ದಕ್ಕೇ ಎರಡನೆಯದು ಬಿದ್ದಿದೆ, ಮೂರನೆಯದು ಸಡಿಲವಾಗಿದೆ.

ಇದು ಹೀಗೇಕೆ ಆಗುತ್ತದೆ ಅಂತ ಸ್ವಲ್ಪ ಹೇಳಬೇಕು. ಬೋಲ್ಟ್ ಅಂದರೆ ಮೊಳೆಯಲ್ಲ. ಬಿಗಿ ಮಾಡಿದಾಗ ಅದು ಕೂದಲೆಳೆಯಷ್ಟು ಹಿಗ್ಗಿ, ಸ್ಪ್ರಿಂಗ್ ಥರ ಎರಡು ತಗಡನ್ನೂ ಒತ್ತಿ ಹಿಡಿಯುತ್ತದೆ. ಆ ಒತ್ತಡದಿಂದಲೇ ತಗಡುಗಳು ಜಾರುವುದಿಲ್ಲ. ಒತ್ತಡ ಕಮ್ಮಿಯಾಗಿ ತಗಡು ಅಡ್ಡಡ್ಡ ಜಾರಲು ಶುರುವಾದರೆ ಬೋಲ್ಟ್ ತಾನಾಗಿ ಬಿಚ್ಚಿಕೊಳ್ಳುತ್ತದೆ. 1969ರಲ್ಲಿ ಜರ್ಮನಿಯ ಗೆರ್ಹಾರ್ಡ್ ಯುಂಕರ್ ಎಂಬ ಇಂಜಿನಿಯರ್ ಇದನ್ನೇ ಪರೀಕ್ಷೆ ಮಾಡಿ ತೋರಿಸಿದರು. ಉದ್ದಕ್ಕೆ ಎಳೆದಾಟಕ್ಕಿಂತ ಅಡ್ಡ ಅಲುಗಾಟವೇ ಬೋಲ್ಟ್‌ಗೆ ದೊಡ್ಡ ಶತ್ರು. ನಮ್ಮ ಗುಂಡಿ ರಸ್ತೆ ಕೊಡುವುದೂ ಅದನ್ನೇ.

ಮೊದಲು ಬ್ಯಾಟರಿ ಬಿಚ್ಚಿದೆ. ಮೈನಸ್ ಮೊದಲು, ಆಮೇಲೆ ಪ್ಲಸ್. ಪ್ಲಸ್ ಬಿಚ್ಚುವಾಗ ಸ್ಪ್ಯಾನರ್ ಬಾಡಿಗೆ ತಾಗಿದರೂ ಆಗ ಕಿಡಿ ಹಾರುವುದಿಲ್ಲ. ಹಾಕುವಾಗ ಉಲ್ಟಾ, ಪ್ಲಸ್ ಮೊದಲು, ಮೈನಸ್ ಕೊನೆಗೆ. ಟ್ರೇ ಕೆಳಗೆ ಬಿಳಿ ಪುಡಿ ಕಟ್ಟಿತ್ತು, ಆಸಿಡ್‌ದು. ಒಂದು ಲೋಟ ನೀರಿಗೆ ಒಂದು ಚಮಚ ಅಡುಗೆ ಸೋಡಾ ಕಲಸಿ ಹಳೆ ಟೂತ್‌ಬ್ರಷ್‌ನಲ್ಲಿ ಉಜ್ಜಿದೆ. ನೊರೆ ಬರುವುದು ನಿಂತ ಮೇಲೆ ಒಳ್ಳೆ ನೀರಲ್ಲಿ ತೊಳೆದೆ. ಕೈಗೆ ಗ್ಲೌಸ್ ಇರಲಿ.

ಆಮೇಲೆ ಅವಸರ ಮಾಡಿ ಒಂದು ತಪ್ಪು ಮಾಡಿದೆ.

ಕಾಫಿ ಹಣ್ಣಿನ ಸಿಪ್ಪೆ ಬಿಡಿಸುವ ಮೆಷಿನ್ ಇರುವ ನಮ್ಮ ಪಲ್ಪರ್ ಮನೆಯಲ್ಲಿ ಒಂದು ದೊಡ್ಡ ಬಿಸ್ಕತ್ ಡಬ್ಬ ಇದೆ. ತಾತನ ಕಾಲದಿಂದ ಅದರಲ್ಲಿ ಬೋಲ್ಟ್, ನಟ್ ತುಂಬಿಸಿಟ್ಟಿದ್ದಾರೆ. ಅದರಲ್ಲಿ ಹುಡುಕಿ, ಕಣ್ಣಳತೆಗೆ ಸರಿಯಾದ ದಪ್ಪದ ಒಂದು ಬೋಲ್ಟ್ ತಂದೆ. ಧೂಳು ಕಟ್ಟಿದ್ದ ತೂತಿಗೆ ಇಟ್ಟು ತಿರುಗಿಸಿದೆ. ಒಂದೂವರೆ ಸುತ್ತು ಸಲೀಸಾಗಿ ಹೋಯಿತು, ನಿಂತಿತು. ಒಳಗೆ ಧೂಳಿದೆಯಲ್ಲ, ಅದೇ ತಡೆಯುತ್ತಿದೆ ಅಂದುಕೊಂಡೆ. ಸ್ಪ್ಯಾನರ್ ಹಾಕಿ ಅರ್ಧ ಸುತ್ತು ಒತ್ತಿ ತಿರುಗಿಸಿದೆ. ಕೈಗೆ ಒಂಥರಾ ಕರಕರ ಅನ್ನಿಸಿತು. ವಾಪಸ್ ತೆಗೆದು ನೋಡಿದರೆ ಬೋಲ್ಟ್ ತುದಿಯಲ್ಲಿ ಸಣ್ಣ ಹೊಳೆಯುವ ಚೂರು ಅಂಟಿತ್ತು. ಧೂಳು ಹೊಳೆಯುವುದಿಲ್ಲ. ಅದು ತೂತಿನ ಥ್ರೆಡ್ಡೇ ಕಿತ್ತು ಬಂದಿದ್ದು.

ಪಲ್ಪರ್‌ನ ಬೋಲ್ಟ್ ಇಂಚಿನದು. 1841ರಲ್ಲಿ ಇಂಗ್ಲೆಂಡಿನ ಜೋಸೆಫ್ ವಿಟ್‌ವರ್ತ್ ಗೊತ್ತುಮಾಡಿದ ಅಳತೆ ಅದು. ಹಳೆ ಮೆಷಿನ್‌ಗಳಲ್ಲಿ ಇನ್ನೂ ಸಿಗುತ್ತದೆ. ನಾನು ತಂದಿದ್ದು 5/16 ಇಂಚು, ಅಂದರೆ 7.94 ಎಂಎಂ. ಕಾರಿಗೆ ಬೇಕಿದ್ದದ್ದು 8 ಎಂಎಂ. ಕಣ್ಣಿಗೆ ಎರಡೂ ಒಂದೇ. ಆದರೆ ವಿಟ್‌ವರ್ತ್‌ನಲ್ಲಿ ಒಂದು ಇಂಚಿಗೆ 18 ಥ್ರೆಡ್. 8 ಎಂಎಂ ಬೋಲ್ಟ್‌ನಲ್ಲಿ ಒಂದು ಥ್ರೆಡ್‌ಗೂ ಇನ್ನೊಂದಕ್ಕೂ 1.25 ಎಂಎಂ ದೂರ, ಲೆಕ್ಕ ಹಾಕಿದರೆ ಇಂಚಿಗೆ 20ಕ್ಕೂ ಸ್ವಲ್ಪ ಜಾಸ್ತಿ. ಅದಕ್ಕೇ ಮೊದಲ ಸುತ್ತು ಒಳಗೆ ಬಿಟ್ಟುಕೊಳ್ಳುತ್ತದೆ, ಎರಡನೆಯದರಲ್ಲಿ ಕಚ್ಚಿಕೊಳ್ಳುತ್ತದೆ. ಅಲ್ಲಿಂದ ಮುಂದೆ ಬಲ ಹಾಕಿದರೆ ಒಂದೋ ಬೋಲ್ಟ್ ಹಾಳು, ಇಲ್ಲ ತೂತು ಹಾಳು. ಬೋಲ್ಟ್ ಹೊಸದು ಸಿಗುತ್ತದೆ. ತೂತು ಬಾಡಿಗೆ ವೆಲ್ಡ್ ಮಾಡಿದ ನಟ್, ಅದನ್ನು ಬದಲಾಯಿಸುವುದು ದೊಡ್ಡ ಕೆಲಸ.

ಅಲ್ಲಿಗೆ ನಿಲ್ಲಿಸಿದೆ. ಬಿದ್ದ ಬೋಲ್ಟ್ ಎಲ್ಲಾದರೂ ಸಿಕ್ಕಿಕೊಂಡಿರಬಹುದಾ ಅಂತ ಹುಡುಕಲು ಶುರುಮಾಡಿದೆ. ಹಳೆ ಸ್ಪೀಕರ್‌ನಿಂದ ತೆಗೆದ ಮ್ಯಾಗ್ನೆಟ್ ಒಂದಿತ್ತು. ಅದನ್ನು ದಾರಕ್ಕೆ ಕಟ್ಟಿ ಇಂಜಿನ್ ಕೆಳಗಿನ ಪ್ಲಾಸ್ಟಿಕ್ ಕವರ್ ಮೇಲೆ ನಿಧಾನವಾಗಿ ಎಳೆದೆ. ಎರಡನೇ ಸಲಕ್ಕೆ ಕೆಸರು ಮೆತ್ತಿದ ಬೋಲ್ಟ್ ಅಂಟಿಕೊಂಡು ಮೇಲೆ ಬಂತು. ಆಗ ಆದ ಸಂತೋಷ ಹೇಳತೀರದು. ಥ್ರೆಡ್ ಒಂದು ಕಡೆ ಸವೆದು ಚಪ್ಪಟೆಯಾಗಿತ್ತು, ಮತ್ತೆ ಹಾಕುವ ಹಾಗಿರಲಿಲ್ಲ. ಆದರೆ ಅಂಗಡಿಗೆ ಒಯ್ಯಲು ಸ್ಯಾಂಪಲ್ ಸಿಕ್ಕಿತು.

ಸ್ಯಾಂಪಲ್ ಇದ್ದರೂ ಉದ್ದವನ್ನು ನಾನೇ ಅಳೆದೆ. ಮೊದಲು ಯಾರೋ ತಪ್ಪು ಉದ್ದದ್ದು ಹಾಕಿದ್ದರೆ? ತೂತಿನೊಳಗೆ ತೆಂಗಿನ ಪೊರಕೆ ಕಡ್ಡಿ ಬಿಟ್ಟೆ, ತಡೆಯುವ ತನಕ. ಉಗುರಲ್ಲಿ ಗುರುತು ಹಿಡಿದು ಸ್ಕೇಲ್ ಮೇಲೆ ಇಟ್ಟರೆ 18 ಎಂಎಂ. ಬ್ರಾಕೆಟ್ ದಪ್ಪ 3, ವಾಶರ್ ಒಂದೂವರೆ. ಅಂದರೆ 20 ಎಂಎಂ ಬೋಲ್ಟ್ ಹಾಕಿದರೆ ಒಳಗೆ ಹದಿನೈದೂವರೆ ಹೋಗುತ್ತದೆ, ಇನ್ನೂ ಜಾಗ ಉಳಿಯುತ್ತದೆ. 25 ಹಾಕಿದರೆ ಬೋಲ್ಟ್‌ನ ತುದಿ ಹಿಂದಿನ ತಗಡಿಗೆ ಗುದ್ದಿ ನಿಲ್ಲುತ್ತದೆ. ಇದು ತುಂಬಾ ಮೋಸ ಮಾಡುವ ವಿಷಯ. ಸ್ಪ್ಯಾನರ್‌ಗೆ ಟೈಟ್ ಆಯಿತು ಅನ್ನಿಸುತ್ತದೆ, ಆದರೆ ಬೋಲ್ಟ್‌ನ ತಲೆ ಬ್ರಾಕೆಟ್ಟನ್ನು ಒತ್ತಿರುವುದೇ ಇಲ್ಲ. ಉದ್ದವನ್ನು ತಲೆ ಬಿಟ್ಟು ಅಳೆಯಬೇಕು, ನೆನಪಿರಲಿ. ಸಿಕ್ಕಿದ್ದ ಹಳೆ ಬೋಲ್ಟ್ ಅಳೆದರೆ ಸರಿಯಾಗಿ 20.

ಸೋಮವಾರ ಮಾರ್ಕೆಟ್ ರಸ್ತೆಯ ಒಂದು ಹಾರ್ಡ್‌ವೇರ್ ಅಂಗಡಿಗೆ ಹೋದೆ. ಜೇಬಿನಿಂದ ಸ್ಯಾಂಪಲ್ ತೆಗೆಯುವ ಮೊದಲೇ ಅಭ್ಯಾಸದಂತೆ "ಹನ್ನೆರಡು ನಂಬರ್ ಬೋಲ್ಟ್ ಕೊಡಿ" ಅಂದೆ. ಗ್ಯಾರೇಜಿನಲ್ಲಿ ಎಲ್ಲರೂ ಹಾಗೇ ಹೇಳುವುದು. ಅವರು ಹೆಬ್ಬೆರಳಿನಷ್ಟು ದಪ್ಪದ ಬೋಲ್ಟ್ ತಂದು ಮುಂದಿಟ್ಟರು.

"ಇದಲ್ಲ ಅಣ್ಣ, ಕಾರಿಗೆ."

"ಸ್ಪ್ಯಾನರ್ ಹನ್ನೆರಡಾ, ಬೋಲ್ಟ್ ಹನ್ನೆರಡಾ? ಅದನ್ನ ಮೊದಲು ಹೇಳಿ ಸಾರ್."

ಅವರು ಕೇಳಿದ್ದು ನೂರಕ್ಕೆ ನೂರು ಸರಿ. ಮೆಕ್ಯಾನಿಕ್ ಹೇಳುವ ನಂಬರ್ ತಲೆಗೆ ಹಾಕುವ ಸ್ಪ್ಯಾನರ್‌ದು, ಅಂಗಡಿಯವರು ಕೊಡುವುದು ಕಡ್ಡಿಯ ದಪ್ಪ ನೋಡಿ. ಜಪಾನ್ ಮೂಲದ ಕಾರುಗಳಲ್ಲಿ 12ರ ಸ್ಪ್ಯಾನರ್ ಹಿಡಿಯುವ ಬೋಲ್ಟ್‌ನ ದಪ್ಪ 8 ಎಂಎಂ, 10ರದು ಹಿಡಿದರೆ 6 ಎಂಎಂ. ಹಾರ್ಡ್‌ವೇರ್ ಅಂಗಡಿಯಲ್ಲಿ ಸಿಗುವ ಅದೇ 8 ಎಂಎಂ ಬೋಲ್ಟ್‌ಗೆ ಸಾಮಾನ್ಯವಾಗಿ 13ರ ತಲೆ ಇರುತ್ತದೆ. ಹಾಕಲು ತೊಂದರೆ ಇಲ್ಲ. 13ರ ಸ್ಪ್ಯಾನರ್ ಇಟ್ಟುಕೊಂಡಿರಿ ಅಷ್ಟೇ.

ಅವರೇ ಒಂದು ಹೊಸ ನಟ್ ಕೊಟ್ಟರು. ನನ್ನ ಹಳೆ ಬೋಲ್ಟ್‌ನ ಚೆನ್ನಾಗಿದ್ದ ಭಾಗಕ್ಕೆ ಹಾಕಿದರೆ ಬೆರಳಲ್ಲೇ ಸರಾಗವಾಗಿ ಓಡಿತು. ಥ್ರೆಡ್ ಒಂದೇ ಅಂತ ಖಾತ್ರಿಯಾಯಿತು. ಬೋಲ್ಟ್‌ನ ತಲೆ ಮೇಲೆ 8.8 ಅಂತ ಇರುವುದನ್ನೇ ಆರಿಸಿದೆ. ಮೊದಲ 8 ಅಂದರೆ ಎಳೆದರೆ ತಡೆಯುವ ಬಲ, 800 ಮೆಗಾಪ್ಯಾಸ್ಕಲ್. ಎರಡನೇ 8 ಅಂದರೆ ಅದರ 80 ಪರ್ಸೆಂಟ್ ತನಕ, ಅಂದರೆ 640ರ ವರೆಗೆ, ಬೋಲ್ಟ್ ಹಿಗ್ಗಿದರೂ ಮತ್ತೆ ತನ್ನ ಅಳತೆಗೆ ಬರುತ್ತದೆ. ತಲೆ ಮೇಲೆ ಏನೂ ಬರೆಯದ ಬೋಲ್ಟ್ ಗೇಟಿಗೆ, ಬೇಲಿಗೆ ಸರಿ. ಕಾರಿಗೆ ಬೇಡ. ನಾಲ್ಕು ಬೋಲ್ಟ್, ವಾಶರ್, ನಟ್ ಎಲ್ಲ ಸೇರಿ 60 ರೂಪಾಯಿಯೊಳಗೆ ಆಯಿತು. ನಾಲ್ಕನೆಯದು ಯಾಕೆ ಅಂತ ಮುಂದೆ ಹೇಳುತ್ತೇನೆ.

ನಾನು ಕೆಡಿಸಿದ ತೂತಿಗೆ ಟ್ಯಾಪ್ ಹೊಡೆಯಬೇಕಿತ್ತು, ಅಂದರೆ ಥ್ರೆಡ್ ಕೊಯ್ಯುವ ಉಪಕರಣ ಬಿಟ್ಟು ಥ್ರೆಡ್ ಸರಿಮಾಡಬೇಕಿತ್ತು. ಆ ನಾಲ್ಕನೇ ಬೋಲ್ಟ್‌ಗೆ ಹ್ಯಾಕ್ಸಾ ಬ್ಲೇಡ್‌ನಿಂದ ಉದ್ದಕ್ಕೆ ಒಂದು ಗೀರು ಕೊಯ್ದು, ಎಣ್ಣೆ ಸವರಿ, ಮೊದಲು ತೂತಿನ ಕೊಳೆಯನ್ನೆಲ್ಲ ತೆಗೆದೆ. ಕೊಳೆ ಆ ಗೀರಿನಲ್ಲಿ ತುಂಬಿಕೊಂಡು ಹೊರಗೆ ಬರುತ್ತದೆ. ಬರೀ ಧೂಳು ಕಟ್ಟಿದ ತೂತಿಗೆ ಇಷ್ಟೇ ಸಾಕು. ಥ್ರೆಡ್ ಪೆಟ್ಟು ತಿಂದಿದ್ದರಿಂದ ಪರಿಚಯದ ಲೇತ್ ಅಂಗಡಿಯಿಂದ 8 ಎಂಎಂ, 1.25ರ ಟ್ಯಾಪ್ ತಂದೆ. ಕೊಡುವಾಗ ಅವರು ಹೇಳಿದ್ದು ಒಂದೇ ಮಾತು, "ಅರ್ಧ ಮುಂದೆ, ಕಾಲು ಹಿಂದೆ. ಟ್ಯಾಪ್ ಒಳಗೆ ಮುರಿದರೆ ನನ್ನ ಹತ್ರ ಬರಬೇಡಿ, ಅದನ್ನ ತೆಗೆಯೋದು ಬಹಳ ಕಷ್ಟ." ಟ್ಯಾಪ್‌ನ ಸಂದಿಗೆ ಗ್ರೀಸ್ ತುಂಬಿದೆ, ಚೂರು ಅದಕ್ಕೇ ಅಂಟಲಿ ಅಂತ. ಕೈಬೆರಳಲ್ಲೇ ನೇರವಾಗಿ ಶುರುಮಾಡಿ, ಅರ್ಧ ಮುಂದೆ ಕಾಲು ಹಿಂದೆ ಮಾಡುತ್ತಾ ಹೋದೆ. ಮೂರನೇ ಸುತ್ತಿನಲ್ಲಿ ಸ್ವಲ್ಪ ತಡೆಯಿತು, ಆಮೇಲೆ ಬೆಣ್ಣೆಯ ಹಾಗೆ ಹೋಯಿತು. ಹೊಸ ಬೋಲ್ಟ್ ಎರಡೇ ಬೆರಳಲ್ಲಿ ಕೊನೆ ತನಕ ಕೂತಿತು. ಆಗಲೇ ನನಗೆ ಸಮಾಧಾನ.

ಎಣ್ಣೆ ಉಳಿಯದ ಹಾಗೆ ತೂತುಗಳನ್ನು ಪೆಟ್ರೋಲ್ ಬಟ್ಟೆಯಲ್ಲಿ ಒರೆಸಿ ಚೆನ್ನಾಗಿ ಆರಲು ಬಿಟ್ಟೆ. ಎಣ್ಣೆ ಇದ್ದರೆ ಅದೇ ಬಲಕ್ಕೆ ಬೋಲ್ಟ್ ಜಾಸ್ತಿ ಹಿಗ್ಗುತ್ತದೆ, ಬೋಲ್ಟ್ ಬಿಚ್ಚಿಕೊಳ್ಳದ ಹಾಗೆ ಹಾಕುವ ಅಂಟು, ಥ್ರೆಡ್ ಲಾಕರ್, ಕೂಡ ಹಿಡಿಯುವುದಿಲ್ಲ. ಸ್ಪ್ರಿಂಗ್ ವಾಶರ್ ಮೇಲೆ ನನಗೆ ಅಷ್ಟು ನಂಬಿಕೆ ಇಲ್ಲ, ಅಡ್ಡ ಅಲುಗಾಟಕ್ಕೆ ಅದು ನಿಲ್ಲುವುದಿಲ್ಲ. ಚಪ್ಪಟೆ ವಾಶರ್ ಮತ್ತು ನೀಲಿ ಥ್ರೆಡ್ ಲಾಕರ್ ಹಾಕಿದೆ. ಕೆಂಪು ಬೇಡ, ಅದನ್ನು ಬಿಚ್ಚಲು ಬಿಸಿ ಮಾಡಬೇಕು. ಮೂರನೇ ಹಳೆ ಬೋಲ್ಟನ್ನೂ ತೆಗೆದು ಹೊಸದೇ ಹಾಕಿದೆ. ಎಲ್ಲ ಭಾರ ಹೊತ್ತು ಸುಸ್ತಾಗಿದ್ದ ಬೋಲ್ಟ್ ಅದು.

ಹಾಕುವಾಗ ಮೂರನ್ನೂ ಮೊದಲು ಕೈಯಲ್ಲಿ ನಾಲ್ಕೈದು ಸುತ್ತು ಕೂರಿಸಬೇಕು. ಒಂದನ್ನು ಪೂರ್ತಿ ಬಿಗಿ ಮಾಡಿಬಿಟ್ಟರೆ ಉಳಿದ ತೂತುಗಳು ಎದುರುಬದುರಾಗುವುದಿಲ್ಲ. ಮತ್ತೆ ಬಲ ಹಾಕುವ ಆಸೆ ಬರುತ್ತದೆ. ಮೂರೂ ಕೂತ ಮೇಲೆ ಒಂದೊಂದಾಗಿ ಸ್ವಲ್ಪ ಸ್ವಲ್ಪ ಬಿಗಿ ಮಾಡಿದೆ. 8 ಎಂಎಂ, 8.8ರ ಬೋಲ್ಟ್‌ಗೆ ಸುಮಾರು 25 ನ್ಯೂಟನ್ ಮೀಟರ್ ಅಂತ ಲೆಕ್ಕ. ನಿಮ್ಮ ಕಾರಿನ ಮ್ಯಾನುಯಲ್‌ನಲ್ಲಿ ಬೇರೆ ಇದ್ದರೆ ಅದೇ ಸರಿ. ಬಿಗಿ ಅಳೆಯುವ ಟಾರ್ಕ್ ರೆಂಚ್ ಇಲ್ಲದಿದ್ದರೆ, 15 ಸೆಂಟಿಮೀಟರ್ ಸ್ಪ್ಯಾನರ್‌ನ ತುದಿಯಲ್ಲಿ 17 ಕೆಜಿ ಎತ್ತುವಷ್ಟು ಬಲ. ಸ್ಪ್ಯಾನರ್‌ಗೆ ಪೈಪ್ ಸಿಕ್ಕಿಸಿ ಎಳೆಯಬೇಡಿ.

ಸವೆದ ವೈರ್‌ಗೆ ಇನ್ಸುಲೇಷನ್ ಟೇಪ್ ಸುತ್ತಿ, ಹೊಸ ಸುಕ್ಕುಪೈಪ್ ಹಾಕಿ, ಬ್ರಾಕೆಟ್‌ನಿಂದ ಎರಡು ಬೆರಳು ದೂರಕ್ಕೆ ಕಟ್ಟಿದೆ. ಆಮೇಲೆ ಅಕ್ಕನಿಂದ ನೈಲ್ ಪಾಲಿಶ್ ಇಸಿದುಕೊಂಡು ಪ್ರತಿ ಬೋಲ್ಟ್‌ನ ತಲೆಯಿಂದ ಬ್ರಾಕೆಟ್ ಮೇಲಕ್ಕೆ ಒಂದು ಗೆರೆ ಎಳೆದೆ. ಬೋಲ್ಟ್ ಚೂರು ತಿರುಗಿದರೂ ಗೆರೆ ಎರಡಾಗಿ ಒಡೆದು ಕಾಣುತ್ತದೆ.

ಮರುದಿನ ಥ್ರೆಡ್ ಲಾಕರ್ ಒಣಗಿದ ಮೇಲೆ ಕೈಮರ ದಾಟಿ ಸೀತಾಳಯ್ಯನಗಿರಿ ತನಕ ಹೋಗಿ ಬಂದೆ. ಚಿಕ್ಕಪ್ಪನೂ ಜೊತೆಗೆ ಬಂದರು. ಮುಳ್ಳಯ್ಯನಗಿರಿ ಕಡೆಯ ಆ ತಿರುವುಗಳಲ್ಲಿ ಇಬ್ಬರೂ ಮಾತಾಡದೆ ಕಿವಿಗೊಟ್ಟು ಕೂತಿದ್ದೆವು. ಸದ್ದಿಲ್ಲ. ವಾಪಸ್ ಬಂದು ಬಾನೆಟ್ ಎತ್ತಿದರೆ ಮೂರು ಗೆರೆಗಳೂ ನೆಟ್ಟಗಿದ್ದವು. ನೂರು ಕಿಲೋಮೀಟರ್ ಆದ ಮೇಲೆ ಇನ್ನೊಮ್ಮೆ ನೋಡಿದೆ, ಹಾಗೇ ಇವೆ.

ಪಲ್ಪರ್ ಮನೆಯ ಡಬ್ಬವನ್ನು ಆ ವಾರವೇ ಸುರಿದು ಬೇರೆ ಬೇರೆ ಮಾಡಿದೆ. ಒಂದು 8 ಎಂಎಂ ನಟ್, ಒಂದು 5/16 ನಟ್ ಇಟ್ಟುಕೊಂಡು ಒಂದೊಂದೇ ಬೋಲ್ಟ್ ಹಾಕಿ ನೋಡುತ್ತಾ ಕೂತರೆ ಅರ್ಧ ದಿನ ಹಿಡಿಯಿತು. ಈಗ ಎರಡು ಡಬ್ಬ ಇವೆ. ಒಂದರ ಮೇಲೆ ‘ಇಂಚು’, ಇನ್ನೊಂದರ ಮೇಲೆ ‘ಎಂಎಂ’ ಅಂತ ಅದೇ ನೈಲ್ ಪಾಲಿಶ್‌ನಲ್ಲಿ ಬರೆದಿದ್ದೇನೆ.